ಅಡಿಸ್ ಅಬಾಬ ಫಿಸ್ಟುಲಾ ಆಸ್ಪತ್ರೆ

ಅಡಿಸ್ ಅಬಾಬ ಫಿಸ್ಟುಲಾ ಆಸ್ಪತ್ರೆಯು ಇಥಿಯೋಪಿಯಾದ ರಾಜಧಾನಿಯಲ್ಲಿದ್ದು, ಪ್ರಸವಜನ್ಯ ಫಿಸ್ಟುಲಾದಿಂದ ಬಳಲುವ ಮಹಿಳೆಯರಿಗೆ ಉಚಿತ ಚಿಕಿತ್ಸೆ ನೀಡುತ್ತದೆ. ಆಸ್ಟ್ರೇಲಿಯಾದ ಕ್ಯಾಥರೀನ್ ಹ್ಯಾಮ್ಲಿನ್ ಮತ್ತು ನ್ಯೂಜಿಲೆಂಡಿನ ರೆಜಿನಾಲ್ಡ್ ಹ್ಯಾಮ್ಲಿನ್ ಎಂಬ ವೈದ್ಯ ದಂಪತಿಗಳು ಇದನ್ನು 1974ರಲ್ಲಿ ಸ್ಥಾಪಿಸಿದರು.

ರೋಗದ ಸ್ವರೂಪ

ಹೆರಿಗೆಯು ದಿನಗಟ್ಟಲೆ ಮುಂದುವರಿಯದೆ ನಿಂತಾಗ ಮಗುವಿನ ತಲೆಯು ತಾಯಿಯ ಶ್ರೋಣಿಯ ಮೂಳೆಗೆ ಒತ್ತಿಕೊಂಡಿರುತ್ತದೆ. ಇದರಿಂದ ನಡುವಿನ ಅಂಗಾಂಶಕ್ಕೆ ರಕ್ತಸಂಚಾರ ತಪ್ಪಿ ಅದು ನಶಿಸುತ್ತದೆ. ಆಗ ಯೋನಿ ಮತ್ತು ಮೂತ್ರಕೋಶದ ನಡುವೆ, ಕೆಲವರಲ್ಲಿ ಯೋನಿ ಮತ್ತು ಗುದನಾಳದ ನಡುವೆ, ರಂಧ್ರ ಉಂಟಾಗಿ ಮೂತ್ರ ಅಥವಾ ಮಲ ತಡೆಯಿಲ್ಲದೆ ಸೋರುತ್ತದೆ. ಬಹುಪಾಲು ಪ್ರಸಂಗಗಳಲ್ಲಿ ಮಗುವು ಬದುಕುವುದಿಲ್ಲ. ದುರ್ವಾಸನೆಯ ಕಾರಣದಿಂದ ಅನೇಕ ಸ್ತ್ರೀಯರು ಪತಿಯಿಂದಲೂ ಸಮಾಜದಿಂದಲೂ ದೂರವಾಗುತ್ತಾರೆ. ಸಕಾಲದಲ್ಲಿ ಸಿಸೇರಿಯನ್ ಶಸ್ತ್ರಚಿಕಿತ್ಸೆ ದೊರೆತರೆ ಇದನ್ನು ತಡೆಯಬಹುದು. ಆದುದರಿಂದ ಬಡತನ, ಆಸ್ಪತ್ರೆಯ ದೂರ, ಸೂಲಗಿತ್ತಿಯರ ಕೊರತೆ ಇವೇ ಈ ರೋಗದ ಮೂಲ ಕಾರಣಗಳೆನ್ನಬಹುದು.

ಇತಿಹಾಸ

ಸೂಲಗಿತ್ತಿಯರಿಗೆ ತರಬೇತಿ ನೀಡಲೆಂದು ಹ್ಯಾಮ್ಲಿನ್ ದಂಪತಿಗಳು 1959ರಲ್ಲಿ ಇಥಿಯೋಪಿಯಾಕ್ಕೆ ಬಂದರು. ಅಲ್ಲಿ ಕಂಡ ಫಿಸ್ಟುಲಾ ರೋಗಿಗಳ ಸ್ಥಿತಿಯು ಅವರ ಜೀವನದ ದಿಕ್ಕನ್ನೇ ಬದಲಿಸಿತು. ಅವರ ಬಳಿ ರೋಗಿಯಾಗಿ ಬಂದ ಮಮಿತು ಗಾಶೆ ಎಂಬ ಗ್ರಾಮೀಣ ಯುವತಿಯು ಶಾಲಾ ಶಿಕ್ಷಣವಿಲ್ಲದಿದ್ದರೂ ಶಸ್ತ್ರಚಿಕಿತ್ಸೆಯನ್ನು ಕಲಿತು, ಮುಂದೆ ಅದರಲ್ಲಿ ಖ್ಯಾತಿ ಪಡೆದರು. ರೆಜಿನಾಲ್ಡ್ 1993ರಲ್ಲಿಯೂ ಕ್ಯಾಥರೀನ್ 2020ರಲ್ಲಿಯೂ ನಿಧನರಾದರು.

ವಿಸ್ತರಣೆ

ದೂರದ ಹಳ್ಳಿಗಳ ಮಹಿಳೆಯರಿಗಾಗಿ ಬಹಿರ್ ದಾರ್, ಮೆಕೆಲೆ, ಯಿರ್ಗಾಲೆಮ್, ಹರಾರ್ ಮತ್ತು ಮೆಟುಗಳಲ್ಲಿ ಪ್ರಾದೇಶಿಕ ಆಸ್ಪತ್ರೆಗಳನ್ನು ತೆರೆಯಲಾಯಿತು. ರೋಗವನ್ನು ಮೂಲದಲ್ಲಿಯೇ ತಡೆಯುವ ಉದ್ದೇಶದಿಂದ 2007ರಲ್ಲಿ ಸೂಲಗಿತ್ತಿಯರ ಕಾಲೇಜು ಆರಂಭವಾಯಿತು. ಪ್ರಸವಜನ್ಯ ಫಿಸ್ಟುಲಾ ನಿರ್ಮೂಲನೆಗಾಗಿ ವಿಶ್ವಸಂಸ್ಥೆಯು ಪ್ರತಿವರ್ಷ ಮೇ 23ನ್ನು ಅಂತರರಾಷ್ಟ್ರೀಯ ದಿನವಾಗಿ ಆಚರಿಸುತ್ತದೆ.