ಮೂತ್ರಪಿಂಡದ ಗಡ್ಡೆ: ಗಾತ್ರ ಹೇಳುವುದೆಷ್ಟು, ಬಯಾಪ್ಸಿ ವರದಿ ಹೇಳುವುದೇನು?

ಹೊಟ್ಟೆನೋವೆಂದೋ, ಕಲ್ಲಿನ ಸಂಶಯದಿಂದಲೋ ಸ್ಕ್ಯಾನಿಂಗ್ ಮಾಡಿಸಿದಾಗ ಮೂತ್ರಪಿಂಡದಲ್ಲಿ ಗಡ್ಡೆಯೊಂದು ಆಕಸ್ಮಿಕವಾಗಿ ಪತ್ತೆಯಾಗುವುದು ಇಂದು ಸಾಮಾನ್ಯ. ಮೂತ್ರದಲ್ಲಿ ರಕ್ತ, ಪಕ್ಕೆಯಲ್ಲಿ ನೋವು, ಕೈಗೆ ಸಿಗುವ ಊತ ಕಾಣಿಸಿಕೊಂಡ ಮೇಲೆಯೇ ವೈದ್ಯರ ಬಳಿ ಹೋಗುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ಒಳ್ಳೆಯ ಬದಲಾವಣೆ. ಆದರೆ ವರದಿಯಲ್ಲಿ "3.5 ಸೆಂ.ಮೀ." ಎಂಬ ಅಂಕಿ ಕಂಡೊಡನೆ ಕೆಲವರು ಕಂಗಾಲಾಗುತ್ತಾರೆ, ಇನ್ನು ಕೆಲವರು "ಚಿಕ್ಕದಲ್ಲವೇ" ಎಂದು ಕಡೆಗಣಿಸುತ್ತಾರೆ. ಎರಡೂ ಸರಿಯಲ್ಲ. ಗಾತ್ರವು ಸಾಧ್ಯತೆಯನ್ನು ಮಾತ್ರ ತಿಳಿಸುತ್ತದೆ. ಗಡ್ಡೆ ನಿಜವಾಗಿ ಏನೆಂಬುದನ್ನು ತಿಳಿಸುವುದು ಶಸ್ತ್ರಚಿಕಿತ್ಸೆಯ ನಂತರದ ಪೆಥಾಲಜಿ ವರದಿ. ನಮ್ಮ ಜನ ಇದನ್ನೇ ಬಯಾಪ್ಸಿ ರಿಪೋರ್ಟ್ ಎನ್ನುತ್ತಾರೆ.

ಗಾತ್ರ ಹೆಚ್ಚಿದಂತೆ ಅಪಾಯವೂ ಹೆಚ್ಚು

ಅಮೇರಿಕಾದ ಮೇಯೊ ಕ್ಲಿನಿಕ್‌ನ ವೈದ್ಯರು 1970ರಿಂದ 2000ದವರೆಗೆ ಶಸ್ತ್ರಚಿಕಿತ್ಸೆಗೆ ಒಳಗಾದ 2,770 ರೋಗಿಗಳ 2,935 ಗಡ್ಡೆಗಳನ್ನು ಪರಿಶೀಲಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟು ಗಡ್ಡೆಗಳಲ್ಲಿ ಶೇ. 12.8ರಷ್ಟು ಕ್ಯಾನ್ಸರ್ ಅಲ್ಲದ ನಿರಪಾಯಕಾರಿ ಗಡ್ಡೆಗಳಾಗಿದ್ದವು. 1 ಸೆಂ.ಮೀ.ಗಿಂತ ಚಿಕ್ಕವುಗಳಲ್ಲಿ ಇಂಥವು ಶೇ. 46ರಷ್ಟಿದ್ದರೆ, 1ರಿಂದ 4 ಸೆಂ.ಮೀ. ಒಳಗಿನವುಗಳಲ್ಲಿ ಸುಮಾರು ಐದರಲ್ಲೊಂದು, 7 ಸೆಂ.ಮೀ. ಅಥವಾ ಅದಕ್ಕಿಂತ ದೊಡ್ಡವುಗಳಲ್ಲಿ ಕೇವಲ ಶೇ. 6ರಷ್ಟು. ಕ್ಯಾನ್ಸರ್ ಆಗಿದ್ದ ಗಡ್ಡೆಗಳಲ್ಲಿಯೂ ಗಾತ್ರ ಬೆಳೆದಂತೆ ಉಗ್ರ ಸ್ವಭಾವದವುಗಳ ಪಾಲು ಹೆಚ್ಚಿತ್ತು.

ಇದನ್ನು ಎರಡೂ ಕಡೆಯಿಂದ ಓದಬೇಕು. 3 ಸೆಂ.ಮೀ. ಗಡ್ಡೆ ಕ್ಯಾನ್ಸರ್ ಆಗಿರಲೇಬೇಕೆಂದಿಲ್ಲ. ಹಾಗೆಂದು ಐದರಲ್ಲಿ ನಾಲ್ಕು ಕ್ಯಾನ್ಸರೇ ಆಗಿದ್ದವೆಂಬುದನ್ನು ಮರೆಯುವಂತಿಲ್ಲ. ಆಂಕೊಸೈಟೋಮದಂಥ ನಿರಪಾಯಕಾರಿ ಗಡ್ಡೆಯನ್ನು ಸಿ.ಟಿ. ಸ್ಕ್ಯಾನ್ ಮಾತ್ರದಿಂದ ಖಚಿತವಾಗಿ ಗುರುತಿಸುವುದು ಕಷ್ಟ. ಆದ್ದರಿಂದಲೇ ಕೆಲವೊಮ್ಮೆ ತೆಗೆದ ಮೇಲೆ "ಕ್ಯಾನ್ಸರ್ ಅಲ್ಲ" ಎಂಬ ವರದಿ ಬರುತ್ತದೆ. ವೈದ್ಯರು ಸುಮ್ಮನೆ ಆಪರೇಶನ್ ಮಾಡಿದರೆಂದು ಇದರ ಅರ್ಥವಲ್ಲ.

ವರದಿಯಲ್ಲಿ ಗಮನಿಸಬೇಕಾದ ಅಂಶಗಳು

1. ಗಾತ್ರ: ಗಡ್ಡೆ ಮೂತ್ರಪಿಂಡದೊಳಗೇ ಇದ್ದು 4 ಸೆಂ.ಮೀ. ಮೀರದಿದ್ದರೆ ಟಿ1ಎ, 4ರಿಂದ 7ರೊಳಗೆ ಟಿ1ಬಿ, 7 ಮೀರಿದರೆ ಟಿ2. ಸ್ಕ್ಯಾನಿಂಗ್‌ನ ಅಳತೆಗೂ ವರದಿಯ ಅಳತೆಗೂ ಕೆಲವು ಮಿ.ಮೀ. ವ್ಯತ್ಯಾಸ ಬರಬಹುದು. ದೇಹದೊಳಗೆ ರಕ್ತ ತುಂಬಿರುವ ಗಡ್ಡೆ ಹೊರತೆಗೆದ ಮೇಲೆ ತುಸು ಕುಗ್ಗುತ್ತದೆ. ಇದಕ್ಕಾಗಿ ಗಾಬರಿಪಡಬೇಕಾಗಿಲ್ಲ.

2. ವಿಧ: ಮೂತ್ರಪಿಂಡದ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಕ್ಲಿಯರ್ ಸೆಲ್ ಎಂಬ ವಿಧದ್ದು. ಪ್ಯಾಪಿಲ್ಲರಿ ಮತ್ತು ಕ್ರೋಮೊಫೋಬ್ ಅನಂತರದವು. ಒಂದೇ ಗಾತ್ರದ್ದಾದರೂ ಇವುಗಳ ಸ್ವಭಾವ ಒಂದೇ ಅಲ್ಲ.

3. ಗ್ರೇಡ್: ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳು ಕಾಣುವ ರೀತಿಗನುಸಾರ 1ರಿಂದ 4ರವರೆಗೆ ಅಂಕ ಕೊಡಲಾಗುತ್ತದೆ. 4 ಅತ್ಯಂತ ಉಗ್ರವಾದುದು. ಇದನ್ನು ಯಾವ ಸ್ಕ್ಯಾನಿಂಗ್ ಕೂಡ ನೇರವಾಗಿ ತೋರಿಸಲಾರದು.

4. ಹರಡುವಿಕೆ: 5 ಸೆಂ.ಮೀ. ಗಡ್ಡೆಯೇ ಆದರೂ ಮೂತ್ರಪಿಂಡದ ರಕ್ತನಾಳಕ್ಕೋ ಸುತ್ತಲಿನ ಕೊಬ್ಬಿಗೋ ನುಗ್ಗಿದ್ದರೆ ಅದು ಟಿ3 ಹಂತಕ್ಕೆ ಸೇರುತ್ತದೆ. ಇಲ್ಲಿ ಗಾತ್ರಕ್ಕಿಂತ ಹರಡುವಿಕೆಯೇ ಮುಖ್ಯ.

5. ಅಂಚು: ಗಡ್ಡೆಯನ್ನು ಮಾತ್ರ ತೆಗೆದು ಮೂತ್ರಪಿಂಡವನ್ನು ಉಳಿಸಿದ್ದಲ್ಲಿ, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಕೋಶಗಳು ಉಳಿದಿವೆಯೇ ಎಂಬುದನ್ನೂ ವರದಿ ತಿಳಿಸುತ್ತದೆ.

ಎಲ್ಲರಿಗೂ ಆಪರೇಶನ್ ಬೇಕೇ?

ಬೇಕೆಂದಿಲ್ಲ. ಚಿಕ್ಕ ಗಡ್ಡೆಗಳು ಸಾಮಾನ್ಯವಾಗಿ ವರ್ಷಕ್ಕೆ ಸುಮಾರು 3 ಮಿ.ಮೀ.ನಷ್ಟೇ ಬೆಳೆಯುತ್ತವೆ. ಆದುದರಿಂದ ವಯಸ್ಸಾದವರು, ಹೃದ್ರೋಗ ಮುಂತಾದ ತೊಂದರೆ ಇರುವವರಲ್ಲಿ ನಿಗದಿತ ಸಮಯಕ್ಕೆ ಸ್ಕ್ಯಾನಿಂಗ್ ಮಾಡುತ್ತಾ ಕಾದು ನೋಡುವ ಕ್ರಮವಿದೆ. ಸಂಶಯವಿದ್ದಲ್ಲಿ ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸಲೂಬಹುದು. ಆದರೆ ಕಾದು ನೋಡುವುದೆಂದರೆ ಮರೆತುಬಿಡುವುದಲ್ಲ. ಹೇಳಿದ ದಿನಕ್ಕೆ ಸ್ಕ್ಯಾನಿಂಗ್ ತಪ್ಪಿಸಬಾರದು.

ವರದಿ ಪಡೆಯದೆ ಬಿಡಬೇಡಿ

ಆಪರೇಶನ್ ಮುಗಿದು ರೋಗಿ ಮನೆಗೆ ಬಂದ ಮೇಲೆ "ಗಡ್ಡೆ ತೆಗೆದಾಯಿತು, ಇನ್ನೇನೂ ಇಲ್ಲ" ಎಂದುಕೊಳ್ಳುವುದು ಸಹಜ. ಬಯಾಪ್ಸಿ ವರದಿ ಬರುವುದು ಕೆಲವು ದಿನಗಳ ಬಳಿಕ. ಎಷ್ಟೋ ಕುಟುಂಬಗಳು ಅದನ್ನು ತರಲು ಹೋಗುವುದೇ ಇಲ್ಲ. ಮುಂದಿನ ತಪಾಸಣೆ ಎಷ್ಟು ತಿಂಗಳಿಗೊಮ್ಮೆ, ಎಷ್ಟು ವರ್ಷ ಎಂಬುದು ನಿರ್ಧಾರವಾಗುವುದು ಆ ವರದಿಯಿಂದಲೇ. ಕ್ಯಾನ್ಸರ್ ಮರಳುವ ಅಪಾಯ ಹೆಚ್ಚಿರುವ ಕ್ಲಿಯರ್ ಸೆಲ್ ರೋಗಿಗಳಿಗೆ ಆಪರೇಶನ್ ನಂತರ ಕೊಡಬಹುದಾದ ಪೆಂಬ್ರೊಲಿಜುಮಾಬ್ ಎಂಬ ಔಷಧಿಗೆ 2021ರಲ್ಲಿ ಅಮೇರಿಕಾದಲ್ಲಿ ಅನುಮತಿ ದೊರೆತಿದೆ. ಅದು ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ತೀರ್ಮಾನಿಸಲೂ ವರದಿ ಬೇಕೇಬೇಕು.

ವಾಳೆಯ ಗುರಿಕಾರರು, ರೋಗಿಗಳನ್ನು ಭೇಟಿಯಾಗುವ ಕಾರ್ಯಕರ್ತರು ಹಣ್ಣು-ಹಂಪಲಿನ ಜೊತೆಗೆ ಒಂದು ಪ್ರಶ್ನೆಯನ್ನೂ ಕೊಂಡೊಯ್ಯಲಿ: "ಬಯಾಪ್ಸಿ ರಿಪೋರ್ಟ್ ಸಿಕ್ಕಿತೇ? ವೈದ್ಯರಿಗೆ ತೋರಿಸಿದಿರಾ?" ವರದಿಯ ಮೂಲ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಒಂದು ಜೆರಾಕ್ಸ್ ಮಾಡಿಸಿಡಿ. ಮುಂದೆ ಬೇರೆ ಊರಿನ, ಬೇರೆ ವೈದ್ಯರ ಬಳಿ ಹೋಗಬೇಕಾಗಿ ಬಂದರೆ ಅವರು ಮೊದಲು ಕೇಳುವುದು ಅದನ್ನೇ.