ಮೊಟ್ಟೆಯಿಂದ ಸೀಸೆಯವರೆಗೆ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲ ಊರುಗಳ ಜನ ಜ್ವರ ಹಿಡಿದು ಮಲಗಿದರು. ಹಳದಿ ಜ್ವರವೇ ಇರಬಹುದೆಂಬ ಅನುಮಾನದಲ್ಲಿ ಬಂದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಸಿಕ್ಕಿದ್ದು ಉಣುಗಿನಿಂದ ಹರಡುವ ಹೊಸ ವೈರಸ್. ಮಲೆನಾಡಿಗೆ ಅದು ಮಂಗನ ಕಾಯಿಲೆ, ವೈದ್ಯರಿಗೆ ಕ್ಯಾಸನೂರು ಫಾರೆಸ್ಟ್ ಡಿಸೀಸ್, ಅಂದರೆ ಕೆಎಫ್‌ಡಿ. ಅದನ್ನು ಪತ್ತೆ ಮಾಡಿದವರ ಹೆಸರು ದಾಖಲೆಯಲ್ಲಿದೆ. ಮುಂದೆ ವರ್ಷಗಟ್ಟಲೆ ಲಸಿಕೆಯ ಸೀಸೆ ತುಂಬಿಸಿದವರನ್ನು ಕೇಳಿದವರು ಕಡಿಮೆ. ಇವತ್ತಿನ ಉದ್ಯೋಗ ಜಾಹೀರಾತಿನಲ್ಲಿ ಅಂಥವರಿಗೆ ಬಯೋಟೆಕ್ ಪ್ರೊಡಕ್ಷನ್ ಟೆಕ್ನಿಷಿಯನ್ ಎಂಬ ಹೆಸರು.

ಮೊದಲು ರಷ್ಯಾದ ಇಂಥದೇ ಜ್ವರಕ್ಕೆ ಇಲಿ ಮಿದುಳಿನಿಂದ ಮಾಡಿದ ಲಸಿಕೆಯನ್ನು ಇಲ್ಲಿ ಕೊಟ್ಟು ನೋಡಿದರು, ಉಪಯೋಗವಾಗಲಿಲ್ಲ. ಆಮೇಲೆ ಬಂದದ್ದು ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆ. ಕಾವು ಕೊಟ್ಟ ಮೊಟ್ಟೆಯಿಂದ ಭ್ರೂಣ ತೆಗೆದು, ಸಣ್ಣಗೆ ಕತ್ತರಿಸಿ, ಟ್ರಿಪ್ಸಿನ್ ಎಂಬ ಕಿಣ್ವದಿಂದ ಜೀವಕೋಶ ಬಿಡಿಸಿ, ಬಾಟಲಿಯಲ್ಲಿ ಬೆಳೆಸಬೇಕು. ಅವು ಹಾಸಿನಂತೆ ಹರಡಿದ ಮೇಲೆ ವೈರಸ್ ಸೇರಿಸಬೇಕು. ಬೆಳೆದ ವೈರಸ್ಸನ್ನು ಫಾರ್ಮಲಿನ್ ಹಾಕಿ ನಿಷ್ಕ್ರಿಯಗೊಳಿಸಬೇಕು. ಇಲ್ಲಿ ಕೈ ತಪ್ಪುವಂತಿಲ್ಲ. ಫಾರ್ಮಲಿನ್ ಸಾಲದೆ ಹೋದರೆ ವೈರಸ್ ಬದುಕಿ ಉಳಿಯುತ್ತದೆ, ಅತಿಯಾದರೆ ಲಸಿಕೆಯ ಶಕ್ತಿಯೇ ಕುಂದುತ್ತದೆ. ಪ್ರಯೋಗಾಲಯದ ಸಿಬ್ಬಂದಿಗೇ ಈ ಸೋಂಕು ತಗುಲಿದ್ದುಂಟು.

ಈ ಲಸಿಕೆ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತಿತ್ತು. 1990-92ರ ಕ್ಷೇತ್ರ ಪರೀಕ್ಷೆಯಲ್ಲಿ ಎರಡು ಡೋಸ್ ಪಡೆದವರಲ್ಲಿ ರಕ್ಷಣೆ ಶೇ 93.5 ಎಂದು ಬಂದಿತ್ತು. 2005-10ರ ಅಂಕಿ ಅಂಶ ನೋಡಿದಾಗ ಅದು ಶೇ 62ಕ್ಕೆ ಇಳಿದಿತ್ತು. ಕಾರಣ ಹಲವು ಇರಬಹುದು, ಕೊನೆಗೆ ಆ ಲಸಿಕೆ ಹಾಕುವುದೇ ನಿಂತಿತು. ಹೊಸ ಲಸಿಕೆಯ ಕೆಲಸ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಕೈಯಲ್ಲಿದೆ. ಸೂತ್ರ ಎಷ್ಟೇ ಚೆನ್ನಾಗಿರಲಿ, ಮೊದಲ ಬ್ಯಾಚಿಗೂ ನೂರನೆಯ ಬ್ಯಾಚಿಗೂ ವ್ಯತ್ಯಾಸ ಬಾರದಂತೆ ನೋಡಿಕೊಳ್ಳುವವರು ಬೇಕು.

ಈ ಕಸುಬಿನ ತರಬೇತಿಯ ಮುಕ್ಕಾಲು ಪಾಲು ಅದೇ. ಸ್ವಚ್ಛ ಕೋಣೆಗೆ ಹೋಗುವ ಮುನ್ನ ಗೌನ್ ತೊಡುವ ಕ್ರಮ, 121 ಡಿಗ್ರಿಯ ಆಟೋಕ್ಲೇವ್, ಲ್ಯಾಮಿನಾರ್ ಹುಡ್‌ನೊಳಗೆ ಕೈಯಾಡಿಸುವ ರೀತಿ, ಜೀವಕೋಶ ಬೆಳೆಸುವ ಬಯೋರಿಯಾಕ್ಟರಿನ ಪಿಎಚ್, ಆಮ್ಲಜನಕ, ಉಷ್ಣತೆ ಕಾಯುವುದು. ಇಷ್ಟೇ ಮುಖ್ಯವಾದದ್ದು ಬ್ಯಾಚ್ ದಾಖಲೆ. ಮಾಡಿದ ಹೊತ್ತಿಗೇ ಬರೆದು ಸಹಿ ಹಾಕಬೇಕು. ಬರೆಯದ ಕೆಲಸ ಮಾಡಿದ ಲೆಕ್ಕಕ್ಕೆ ಬರುವುದಿಲ್ಲ. ತಪ್ಪಾದರೆ ವೈಟ್ನರ್ ಬಳಿಯುವಂತಿಲ್ಲ, ಒಂದೇ ಗೆರೆ ಎಳೆದು ಪಕ್ಕದಲ್ಲಿ ಕಾರಣ, ತಾರೀಖು, ಸಹಿ. ಔಷಧ ನಿಯಮಗಳ ಶೆಡ್ಯೂಲ್ ಎಂ ಕೇಳುವ ಶಿಸ್ತು ಇದು. ಬಿಎಸ್‌ಸಿಯಲ್ಲಿ ಪಿಸಿಆರ್ ಚಿತ್ರವನ್ನು ಚೆಂದಾಗಿ ಬಿಡಿಸುವ ನಮ್ಮ ಮಕ್ಕಳು ಕೆಲಸದ ಮೊದಲ ವಾರ ತಡವರಿಸುವುದು ಇಲ್ಲೇ, ಅದು ಅವರ ತಪ್ಪಲ್ಲ.

ಸೊರಬ, ಶಿಕಾರಿಪುರದ ಹುಡುಗ ಹುಡುಗಿಯರಿಗೆ ದಾರಿ ಇಲ್ಲವೆಂದೇನಲ್ಲ. ಬಯೋಟೆಕ್ನಾಲಜಿ ಅಥವಾ ಮೈಕ್ರೋಬಯಾಲಜಿಯ ಪದವಿ ಸಾಮಾನ್ಯವಾಗಿ ಸಾಕು. ಯಂತ್ರ ನೋಡಿಕೊಳ್ಳುವ ಕೆಲಸಗಳಿಗೆ ಡಿಪ್ಲೊಮಾದವರನ್ನೂ ತೆಗೆದುಕೊಳ್ಳುತ್ತಾರೆ. ಸ್ನಾತಕೋತ್ತರಕ್ಕೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ದೂರವಲ್ಲ. ಉದ್ಯಮದ ತರಬೇತಿಗೆ ಮಾತ್ರ ಬೆಂಗಳೂರಿನ ಬಸ್ ಹತ್ತಲೇಬೇಕು: ಅಮೆರಿಕದ ಕೆಕ್ ಗ್ರಾಜುಯೇಟ್ ಇನ್‌ಸ್ಟಿಟ್ಯೂಟ್ ಜೊತೆ ಸೇರಿ ಕೋರ್ಸ್ ನಡೆಸಿದ ಬಯೋಕಾನ್ ಅಕಾಡೆಮಿ ಇರುವುದು ಅಲ್ಲಿ. ಫೀಸು ಕಟ್ಟುವ ಮೊದಲು, ಯಾವುದೇ ಸಂಸ್ಥೆಯಾಗಲಿ, ಫರ್ಮೆಂಟರ್ ತೋರಿಸಿ ಎನ್ನಿ. ಅದರ ನಲ್ಲಿಯನ್ನು ವಿದ್ಯಾರ್ಥಿಗಳೇ ತಿರುಗಿಸುತ್ತಾರೋ, ಗಾಜಿನಾಚೆ ನಿಂತು ನೋಡುತ್ತಾರೋ ಕೇಳಿಕೊಳ್ಳಿ. ಪಾಳಿ ಕೆಲಸ ಎಂಬುದನ್ನೂ ಮನೆಯಲ್ಲಿ ಹೇಳಿಡಿ. ಬಯೋರಿಯಾಕ್ಟರಿನಲ್ಲಿ ಬೆಳೆಯುವ ಜೀವಕೋಶಕ್ಕೆ ಭಾನುವಾರವಿಲ್ಲ.