ಮುಳ್ಳಿನ ಸುಳ್ಳು

ಹಳೆಯ ಅಂಬಾಸಿಡರ್ ಕಾರಿನ ಪೆಟ್ರೋಲ್ ಮೀಟರ್, ಟೆಂಪರೇಚರ್ ಮೀಟರ್ ಎರಡೂ ಒಟ್ಟಿಗೆ ಹೆಚ್ಚು ತೋರಿಸತೊಡಗಿದರೆ ಎರಡನ್ನೂ ಬಿಚ್ಚಬೇಕಿಲ್ಲ. ದ್ವಿಲೋಹ ಪಟ್ಟಿಯ ಮೀಟರ್‌ಗಳಿಗೆ 12 ವೋಲ್ಟ್ ನೇರವಾಗಿ ಹೋಗುವುದಿಲ್ಲ. ಸ್ಟೆಬಿಲೈಸರ್ ಎಂಬ ಪುಟ್ಟ ಡಬ್ಬಿ ಕರೆಂಟನ್ನು ಬಿಟ್ಟು ಬಿಟ್ಟು ಕೊಟ್ಟು, ಸರಾಸರಿ 10 ವೋಲ್ಟಿಗೆ ಇಳಿಸುತ್ತದೆ. ಅದರ ಅರ್ಥಿಂಗ್ ಸಡಿಲವಾದರೆ ಎರಡೂ ಮುಳ್ಳುಗಳು ಮೇಲೇರಿ ಕೂರುತ್ತವೆ.

ಪೆಟ್ರೋಲ್ ಮೀಟರ್ ಒಂದೇ ಕೈಕೊಟ್ಟರೆ ಅನುಮಾನ ಟ್ಯಾಂಕಿನ ಕಡೆಗೆ. ಫ್ಲೋಟ್ ತೂತಾಗಿ ಮುಳುಗಿರಬಹುದು, ಅರ್ಥಿಂಗ್‌ಗೆ ತುಕ್ಕು ಹಿಡಿದಿರಬಹುದು. ಇಗ್ನಿಷನ್ ಆಫ್ ಮಾಡಿ, ಟ್ಯಾಂಕ್ ಯೂನಿಟ್ಟಿನ ವೈರನ್ನು ಬಿಚ್ಚಿ, ಟ್ಯಾಂಕಿನಿಂದ ದೂರಕ್ಕೆ ತಂದು ಕಾರಿನ ಬಾಡಿಯ ಲೋಹಕ್ಕೆ ಕಟ್ಟಬೇಕು. ಆಮೇಲೆ ಕ್ಷಣಕಾಲ ಕೀ ತಿರುಗಿಸಿದಾಗ ದ್ವಿಲೋಹ ಮೀಟರಿನ ಮುಳ್ಳು ಫುಲ್ ಕಡೆಗೆ ಹೊರಟರೆ ಮೀಟರ್ ಸರಿಯಿದೆ, ತಪ್ಪು ಟ್ಯಾಂಕಿನದು. ಇನ್ನೂ ಹಳೆಯ ಕಾಯಿಲ್ ಮೀಟರುಗಳಲ್ಲಿ ಈ ಲೆಕ್ಕ ತಿರುಗುಮುರುಗು.

ಹಾಸನ ಸೀಮೆಯಲ್ಲಿ ನಿಜವಾದ ಪರೀಕ್ಷೆ ಟೆಂಪರೇಚರ್ ಮೀಟರಿನದು. ಮಂಗಳೂರಿನಿಂದ ಹಿಂತಿರುಗುವ ಹಳೆಯ ಕಾರು ಶಿರಾಡಿ ಘಾಟಿ ಹತ್ತುವಾಗ ಚಾಲಕನ ಕಣ್ಣು ರಸ್ತೆಯ ಮೇಲೆ ಅರ್ಧ, ಆ ಮುಳ್ಳಿನ ಮೇಲೆ ಅರ್ಧ. ಪರೀಕ್ಷೆಗೆ ಒಂದು ಪಾತ್ರೆ ಕುದಿಯುವ ನೀರು ಸಾಕು. ಎಂಜಿನ್ನಿನಿಂದ ತೆಗೆದ, ಬಿಸಿ ಅಳೆಯುವ ಸೆಂಡರನ್ನು ಅದರಲ್ಲಿ ಇಳಿಬಿಟ್ಟು, ಸೆಂಡರಿನ ಮೈಯನ್ನು ಒಂದು ತಂತಿಯಿಂದ ಕಾರಿನ ಬಾಡಿಗೆ ಜೋಡಿಸಿ, ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೋಡಬೇಕು. ಇಲ್ಲೇ ಎಷ್ಟೋ ಜನ ಎಡವುವುದು. ಹಾಸನ ಸಮುದ್ರಮಟ್ಟದಿಂದ ಸುಮಾರು 970 ಮೀಟರ್ ಎತ್ತರದಲ್ಲಿದೆ. ಪ್ರತಿ 300 ಮೀಟರಿಗೆ ಕುದಿಬಿಂದು ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುವುದರಿಂದ ಇಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಮುಳ್ಳು ನೂರು ಮುಟ್ಟಲಿಲ್ಲವೆಂದು ಒಳ್ಳೆಯ ಮೀಟರನ್ನೇ ಗುಜರಿಗೆ ಹಾಕಿದರೆ ಮೂರ್ಖತನ. ಡಯಲಿನಲ್ಲಿ ಅಂಕಿಯೇ ಇಲ್ಲದಿದ್ದರೆ ಮುಳ್ಳು ನಿಂತ ಜಾಗಕ್ಕೆ ಗಾಜಿನ ಮೇಲೆ ಸಣ್ಣ ಗುರುತು ಹಾಕಿಟ್ಟುಕೊಳ್ಳುವುದು ಲೇಸು. ಈಥರ್ ತುಂಬಿದ ತಾಮ್ರದ ನಳಿಕೆಯ ಹಳೆಯ ಮೀಟರಾದರೆ ನಳಿಕೆಯನ್ನು ಮಡಿಸಲೇಬಾರದು. ಅದು ಒಡೆದರೆ ಕತೆ ಮುಗಿಯಿತು.

ಸ್ಪೀಡೋಮೀಟರಿಗೆ ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳೇ ಸಾಕ್ಷಿ. ಹಾಸನ–ಚನ್ನರಾಯಪಟ್ಟಣದ ನೇರ ರಸ್ತೆ ಇದಕ್ಕೆ ಅನುಕೂಲ; ಹೊಳೆನರಸೀಪುರ, ಅರಕಲಗೂಡಿನ ಕಡೆಯ ತಿರುವುಗಳಲ್ಲಿ ವೇಗ ಒಂದೇ ಸಮ ನಿಲ್ಲದು. ಮುಳ್ಳನ್ನು 60ಕ್ಕೆ ಹಿಡಿದರೆ ಒಂದು ಕಲ್ಲಿನಿಂದ ಇನ್ನೊಂದಕ್ಕೆ 60 ಸೆಕೆಂಡ್ ಹಿಡಿಯಬೇಕು. ಓಡೋಮೀಟರ್ ಕಲ್ಲಿಗೆ ತಾಳೆಯಾಗಿ ಮುಳ್ಳು ಮಾತ್ರ ತಪ್ಪಿದರೆ ದೋಷ ಮೀಟರಿನ ಆಯಸ್ಕಾಂತದಲ್ಲೋ ಕೂದಲೆಳೆಯ ಸ್ಪ್ರಿಂಗಿನಲ್ಲೋ ಇದೆ. ಎರಡೂ ಒಂದೇ ಪ್ರಮಾಣದಲ್ಲಿ ತಪ್ಪಿದರೆ ಟೈರಿನ ಅಳತೆ ಬದಲಾಗಿರಬೇಕು. ಮುಳ್ಳು ತುಯ್ದಾಡಿದರೆ ಕೇಬಲ್ಲಿಗೆ ಗ್ರೀಸ್ ಬೇಕು.

ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಲ್ಲಿಸಿದ ಮೇಲೆ ಮೂಲ ಬಿಡಿಭಾಗ ಸಿಗುವುದು ಕಷ್ಟ. ಸ್ಟೆಬಿಲೈಸರಿನ ಬದಲು 10 ವೋಲ್ಟಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಬಹುದು, ಕೆಲಸವೂ ಚೊಕ್ಕ. ಸ್ಪೀಡೋಮೀಟರಿನ ಡಯಲ್ ತೆರೆದು ಆ ಕೂದಲೆಳೆಯ ಸ್ಪ್ರಿಂಗನ್ನು ಕೈಯಲ್ಲೇ ತಿದ್ದುವ ಕಸುಬಿಗೆ ಮಾತ್ರ ಬದಲಿ ಭಾಗವಿಲ್ಲ.